ಸೌದೆ ಕೊಯ್ಯಲು ಎಷ್ಟು ಇಂಚಿನ ಚೈನ್‌ಸಾ?

ಮಳೆ ಹಿಡಿಯುವುದರೊಳಗೆ ಸೌದೆ ಕೊಟ್ಟಿಗೆ ತುಂಬಿಸಬೇಕು, ಕೊಡಲಿ ಹಿಡಿಯುವವರು ಸಿಗುತ್ತಿಲ್ಲ. ಹಾಗಾಗಿ ಚೈನ್‌ಸಾ ಕೊಳ್ಳುವ, ಕೊಂಡದ್ದನ್ನು ಸರಿಯಾಗಿ ನಡೆಸುವ ಬಗ್ಗೆ ಪತ್ರಗಳು ಸಾಲಾಗಿ ಬಂದಿವೆ. ಒಂದೇ ಬಗೆಯವನ್ನು ಒಟ್ಟು ಮಾಡಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಮೂರು ಎಕರೆ ಅಡಿಕೆ ತೋಟ. ಬಚ್ಚಲ ಹಂಡೆಗೆ, ಅಡಿಕೆ ಬೇಯಿಸುವುದಕ್ಕೆ ಸೇರಿ ವರ್ಷಕ್ಕೆ ನಾಲ್ಕೈದು ಗಾಡಿ ಸೌದೆ ಬೇಕು. ಹೆಚ್ಚಿನದು ಅಕೇಶಿಯಾ, ಸಿಲ್ವರ್ ಓಕ್, ತೊಡೆ ಗಾತ್ರದ್ದು. ಗಾಳಿಗೆ ಬಿದ್ದ ಹಲಸಿನ ಮರವೂ ಒಂದಿದೆ, ಬುಡದಲ್ಲಿ ಎರಡು ಅಡಿ ದಪ್ಪ. ಪೇಟೆಯಲ್ಲಿ 58 ಸಿಸಿ, 22 ಇಂಚು ಬಾರ್‌ನ (ಚೈನ್ ಸುತ್ತುವ ಉದ್ದ ಪಟ್ಟಿ) ಮಷಿನ್ ಏಳು ಸಾವಿರಕ್ಕೆ ಕೊಡುತ್ತಾರಂತೆ. ಹೆಸರಿರುವ ಕಂಪನಿಯ 31 ಸಿಸಿ, 16 ಇಂಚಿನದಕ್ಕೆ ಅದರ ಮೂರು ಪಟ್ಟು. ದೊಡ್ಡದೇ ಅಗ್ಗಕ್ಕೆ ಸಿಗುವಾಗ ಚಿಕ್ಕದು ಯಾಕೆ ತಗೋಬೇಕು? — ಸಾಗರ ತಾಲ್ಲೂಕಿನ ಓದುಗರು

ಉತ್ತರ: ನೀವು ಲೆಕ್ಕಕ್ಕೆ ಇಟ್ಟುಕೊಳ್ಳಬೇಕಾದ ಮರ ಹಲಸಲ್ಲ, ಅಕೇಶಿಯಾ. ವರ್ಷವಿಡೀ ಕೊಯ್ಯುವುದು ಆರರಿಂದ ಹತ್ತು ಇಂಚಿನ ಬೊಡ್ಡೆಯನ್ನು. ದಪ್ಪ ಹಲಸು ಬೀಳುವುದು ಎಷ್ಟೋ ವರ್ಷಕ್ಕೊಮ್ಮೆ. ಒಂದೇ ಸಲಕ್ಕೆ ಕೊಯ್ದು ಮುಗಿಸಲು ಬೊಡ್ಡೆಯ ದಪ್ಪಕ್ಕಿಂತ ಎರಡು ಇಂಚು ಉದ್ದದ ಬಾರ್ ಸಾಕು. ಎಂದರೆ ನಿಮಗೆ 12 ಇಂಚಿದ್ದರೂ ನಡೆಯುತ್ತದೆ, 14 ಆರಾಮ, 16 ಧಾರಾಳ.

ಉದ್ದ ಹೆಚ್ಚಿದ್ದರೆ ನಷ್ಟ ಏನು ಅನ್ನುತ್ತೀರಿ. 22 ಇಂಚಿನ ಆ ಬಾರ್‌ಗೆ ಸಾಮಾನ್ಯವಾಗಿ 86 ಡ್ರೈವ್ ಲಿಂಕ್‌ನ (ಬಾರ್ ಅಂಚಿನ ಒಳಗೆ ಕೂರುವ ಕೊಂಡಿ) ಚೈನ್ ಕೂರುತ್ತದೆ; ಅದರಲ್ಲಿ ಕೊಯ್ಯುವ ಹಲ್ಲು 43. ಮೊಂಡಾದಾಗ ಅಷ್ಟಕ್ಕೂ ಅರ ಹಾಕಬೇಕು. 14 ಇಂಚಿನದರಲ್ಲಿ 25ರ ಆಸುಪಾಸು. ಎರಡನೆಯದು, ಸೌದೆ ಕೊಯ್ಯುವವರು ಹೆಚ್ಚಾಗಿ ನೆಲದ ಮೇಲೆ ಬಿದ್ದ ಬೊಡ್ಡೆ ಕೊಯ್ಯುತ್ತಾರೆ. ಎಂಟು ಇಂಚಿನ ಬೊಡ್ಡೆಯ ಆಚೆ ಒಂದಡಿ ಬಾರ್ ಚಾಚಿಕೊಂಡಿದ್ದರೆ ಅದರ ಮೂತಿ ಎಲ್ಲಿದೆ ಎಂದು ನಿಮಗೆ ಕಾಣುವುದಿಲ್ಲ. ಮಣ್ಣಿಗೋ ಜಂಬಿಟ್ಟಿಗೆ ಕಲ್ಲಿಗೋ ತಾಗುತ್ತದೆ. ಓಡುವ ಚೈನ್ ಮಣ್ಣಿಗೆ ಒಮ್ಮೆ ತಾಗಿದರೂ ಸಾಕು, ಅವತ್ತಿನ ಹರಿತ ಹೋಯಿತು. ಪಕ್ಕದ ಬೊಡ್ಡೆಗೆ ತಾಗಿದರೆ ಮಷಿನ್ ಮುಖದತ್ತ ಹಾರುತ್ತದೆ. ಆ ವಿಷಯ ಮುಂದೆ ಬರುತ್ತದೆ.

ಮೂರನೆಯದು ಶಕ್ತಿ. ದಪ್ಪ ಮರದಲ್ಲಿ 22 ಇಂಚು ಪೂರ್ತಿ ಮುಳುಗಿದಾಗ ಇಪ್ಪತ್ತಕ್ಕೆ ಹತ್ತಿರ ಹಲ್ಲುಗಳು ಒಟ್ಟಿಗೆ ಮರ ಕಚ್ಚಿರುತ್ತವೆ. ಅಷ್ಟನ್ನೂ ಎಳೆಯಲು ಎಂಜಿನ್‌ಗೆ ಕಸುವು ಬೇಕು. ಮರದ ವ್ಯಾಪಾರಿಗಳು ದಿಮ್ಮಿಗೆ ಬಳಸುವ ಸ್ಟಿಲ್ ಕಂಪನಿಯ ಎಂಎಸ್ 382ರಂಥ ಮಷಿನ್ 72 ಸಿಸಿ, 3.9 ಕಿಲೊವಾಟ್. ಅದಕ್ಕೆ ಉದ್ದ ಬಾರ್ ಒಪ್ಪುತ್ತದೆ. ಅಗ್ಗದ 58 ಸಿಸಿಯಲ್ಲಿ ಅದರ ಮುಕ್ಕಾಲು ಪಾಲು ಕಸುವೂ ಇರುವುದಿಲ್ಲ. ಒಣಗಿದ ಅಕೇಶಿಯಾದಲ್ಲಿ ಚೈನ್ ನಿಧಾನವಾಗುತ್ತದೆ, ನೀವು ಮೇಲಿನಿಂದ ಒತ್ತುತ್ತೀರಿ, ಕ್ಲಚ್ ಜಾರಿ ಕಾಯುತ್ತದೆ, ಮೂತಿಯವರೆಗೆ ಎಣ್ಣೆ ತಲುಪದೆ ಬಾರ್ ನೀಲಿಗಟ್ಟುತ್ತದೆ. ಮಷಿನ್ ಸುಟ್ಟುಹೋಯಿತು ಎಂದು ರಿಪೇರಿಗೆ ಬರುವವು ಬಹಳಷ್ಟು ಇಂಥವೇ.

ಬಾರ್‌ಗೆ ತಕ್ಕ ಎಂಜಿನ್ ಸುಮಾರಾಗಿ ಹೀಗೆ: 30–32 ಸಿಸಿಗೆ 14 ಇಂಚು, ಹೆಚ್ಚೆಂದರೆ 16. 40–45 ಸಿಸಿಗೆ 16, ಹೆಚ್ಚೆಂದರೆ 18. 50–58 ಸಿಸಿಗೆ 18, ಮೆದು ಮರವಾದರೆ 20. ಇಪ್ಪತ್ತೆರಡರ ಮಾತು 65–70 ಸಿಸಿಯ ಮೇಲೆ.

ಇನ್ನು ನಿಮ್ಮ ಆಯ್ಕೆ. ಹಂಡೆ ಒಲೆಗಷ್ಟೇ ಆಗಿದ್ದರೆ 31 ಸಿಸಿಗೆ 14 ಇಂಚು ಹಾಕಿಸಿಕೊಳ್ಳಿ ಎನ್ನುತ್ತಿದ್ದೆವು. ಸ್ಟಿಲ್ ಎಂಎಸ್ 180 ಈ ಗಾತ್ರದ್ದು, 31.8 ಸಿಸಿ, ಎಂಜಿನ್ ಭಾಗದ ತೂಕ ನಾಲ್ಕು ಕಿಲೊ ಅಷ್ಟೆ. ಅಡಿಕೆ ಬೇಯಿಸುವ ಸೌದೆಯೂ ಸೇರಿ ನಾಲ್ಕೈದು ಗಾಡಿ ಎಂದ ಮೇಲೆ 40–45 ಸಿಸಿ, 16 ಇಂಚು ನಿಮಗೆ ಸರಿಯಾದ ಅಳತೆ. ದುಡ್ಡು ಅಷ್ಟು ಹೊಂದುವುದಿಲ್ಲವೇ? 58 ಸಿಸಿಯದನ್ನೇ ತನ್ನಿ, ಆದರೆ ಅಂಗಡಿಯಲ್ಲೇ 22ರ ಬಾರ್ ಬಿಟ್ಟು 18ರದ್ದು ಕೇಳಿ. ಕೊಳ್ಳುವ ಮೊದಲು ಒಂದನ್ನು ವಿಚಾರಿಸಿ: ಕಾರ್ಬ್ಯುರೇಟರ್, ಕ್ಲಚ್, ಎಣ್ಣೆ ಪಂಪ್, ಸ್ಟಾರ್ಟರ್ ಹಗ್ಗ ಈ ನಾಲ್ಕು ನಿಮ್ಮ ಪೇಟೆಯಲ್ಲಿ ಸಿಗುತ್ತವೆಯೇ? ಸಿಗುವುದಾದರೆ ಅಗ್ಗದ್ದೂ ನಾಲ್ಕು ವರ್ಷ ಬರುತ್ತದೆ. ಇಲ್ಲದಿದ್ದರೆ ಅದು ಮೊದಲ ಮಳೆಗಾಲದ ನಂತರ ಅಟ್ಟ ಸೇರುತ್ತದೆ.

ಆ ಹಲಸಿಗೆ 16 ಇಂಚೇ ಸಾಕು. ಎರಡು ಅಡಿ ಎಂದರೆ 24 ಇಂಚು. ಎರಡೂ ಬದಿಯಿಂದ 12–13 ಇಂಚು ಕೊಯ್ದರೆ ಮುಗಿಯಿತು. ಮೊದಲು ಒಂದು ಬದಿಯಿಂದ ಮೇಲೆ ಗೆರೆ ಎಳೆದಂತೆ ಕೊಯ್ದು, ಅದೇ ಗೆರೆಯನ್ನು ಸುತ್ತ ಮುಂದುವರಿಸಿ ಆಚೆ ಬದಿಗೆ ಹೋಗಿ. ಬೊಡ್ಡೆ ಮುಕ್ಕಾಲು ಕೊಯ್ದ ಮೇಲೆ ಹಾರೆಕೋಲಿನಿಂದ ಅರ್ಧ ಸುತ್ತು ಉರುಳಿಸಿ ಉಳಿದದ್ದನ್ನು ಮೇಲಿನಿಂದಲೇ ಕೊಯ್ಯಿರಿ. ಹಾಗೆ ಮಾಡಿದರೆ ಚೈನ್ ನೆಲಕ್ಕೆ ತಾಗುವ ಪ್ರಶ್ನೆಯೇ ಇಲ್ಲ. ಕೊಯ್ಲಿನ ಬಾಯಿ ಮುಚ್ಚಿಕೊಂಡು ಬಾರ್ ಹಿಡಿಯುವ ಸೂಚನೆ ಕಂಡರೆ ಮರದ ಬೆಣೆ ಹೊಡೆಯಿರಿ. ಕಬ್ಬಿಣದ ಬೆಣೆ ಬೇಡ, ಚೈನ್ ತಾಗಿದರೆ ಹಲ್ಲು ಹಾರುತ್ತದೆ.

ಪ್ರಶ್ನೆ: ಪೆಟ್ಟಿಗೆಯ ಮೇಲೆ 22 ಇಂಚು ಎಂದು ಬರೆದಿತ್ತು. ಮನೆಗೆ ತಂದು ಟೇಪ್ ಹಿಡಿದರೆ ಮಷಿನ್ ಮುಂಭಾಗದಿಂದ 20 ಇಂಚೂ ಇಲ್ಲ. ಮೋಸವೇ? ಇದಕ್ಕೇ 16 ಅಥವಾ 18ರ ಬಾರ್ ಹಾಕಬಹುದೇ? — ಕೊಪ್ಪ

ಉತ್ತರ: ಮೋಸ ಎನ್ನಲಾಗದು. ಬಾರ್‌ನ ಹಿಂದಿನ ತುದಿ ಮಷಿನ್ ಒಳಗೆ ಬೋಲ್ಟ್‌ಗೆ ಹೋಗುತ್ತದೆ, ಹೆಸರಿನ ಅಳತೆಗೂ ಕೊಯ್ಯುವ ಅಳತೆಗೂ ಇಂಚೆರಡು ಇಂಚು ವ್ಯತ್ಯಾಸ ಇದ್ದೇ ಇರುತ್ತದೆ. ಮುಂಭಾಗದ ಕಬ್ಬಿಣದ ಮುಳ್ಳಿನಿಂದ ಮೂತಿಯವರೆಗೆ ಎಷ್ಟಿದೆಯೋ ಅಷ್ಟೇ ನಿಮ್ಮ ಉಪಯೋಗದ ಉದ್ದ.

ಚಿಕ್ಕ ಬಾರ್ ಖಂಡಿತ ಹಾಕಬಹುದು, ಹಾಕಿ. ಆದರೆ ಬಾರ್ ಬದಲಾದರೆ ಚೈನ್ ಕೂಡ ಬದಲಾಗಬೇಕು. ಹಳೆ ಚೈನ್ ಬಿಗಿ ಮಾಡಿ ನಡೆಸಲಾಗುವುದಿಲ್ಲ. ಅಂಗಡಿಗೆ ಹೋಗುವಾಗ ಮೂರು ಸಂಖ್ಯೆ ಚೀಟಿಯಲ್ಲಿ ಬರೆದುಕೊಳ್ಳಿ.

ಮೊದಲನೆಯದು ಪಿಚ್. ಚೈನ್‌ನ ಪಕ್ಕದಲ್ಲಿ ಒಂದರ ಪಕ್ಕ ಒಂದಿರುವ ಮೂರು ರಿವೆಟ್ ನೋಡಿ, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು ಅರ್ಧ ಮಾಡಿ. ಅರ್ಧ ಮಾಡುವ ಮೊದಲಿನ ಅಳತೆ 16.5 ಮಿಲಿಮೀಟರ್ ಬಂದರೆ 0.325 ಇಂಚಿನ ಪಿಚ್, 19 ಬಂದರೆ 3/8 ಇಂಚಿನದು. ಅಗ್ಗದ 58 ಸಿಸಿಗಳಲ್ಲಿ ಹೆಚ್ಚಾಗಿ 0.325. ಎರಡನೆಯದು ಗೇಜ್, ಎಂದರೆ ಬಾರ್‌ನ ಅಂಚಿನುದ್ದದ ಸೀಳಿನಲ್ಲಿ, ಗಾಡಿ ಎನ್ನುತ್ತಾರೆ, ಅದರಲ್ಲಿ ಕೂರುವ ಡ್ರೈವ್ ಲಿಂಕ್‌ನ ದಪ್ಪ: 1.3, 1.5 ಅಥವಾ 1.6 ಮಿಲಿಮೀಟರ್. ಇಂಚಿನಲ್ಲಿ ಇವನ್ನು 0.050, 0.058, 0.063 ಎನ್ನುತ್ತಾರೆ, ಬಾರ್‌ನ ಬುಡದಲ್ಲಿ ಕೊರೆದಿರುತ್ತಾರೆ. ಮೂರನೆಯದು ಡ್ರೈವ್ ಲಿಂಕ್‌ಗಳ ಎಣಿಕೆ. ಸುಣ್ಣದಿಂದ ಒಂದಕ್ಕೆ ಗುರುತು ಹಾಕಿ ಎಣಿಸಿದರೆ ತಪ್ಪುವುದಿಲ್ಲ. 0.325 ಪಿಚ್‌ನಲ್ಲಿ ಈ ಮಷಿನ್‌ಗಳ 18 ಇಂಚಿಗೆ ಸಾಮಾನ್ಯವಾಗಿ 72, 20ಕ್ಕೆ 76 ಲಿಂಕ್.

ಗೇಜ್ ತಪ್ಪಿದರೆ ಏನಾಗುತ್ತದೆ? 1.5ರ ಗಾಡಿಯಲ್ಲಿ 1.3ರ ಚೈನ್ ಕೂರುತ್ತದೆ, ಓಡುತ್ತದೆ ಕೂಡ. ಆದರೆ ಪಕ್ಕಕ್ಕೆ ವಾಲಿಕೊಂಡು ಓಡಿ ಕೊಯ್ಲು ಸೊಟ್ಟಗಾಗುತ್ತದೆ, ಆಗಾಗ ಕಳಚುತ್ತದೆ. ಪಿಚ್ ತಪ್ಪಿದರೆ ಮಾತ್ರ ಓಡುವುದೇ ಇಲ್ಲ, ಏಕೆಂದರೆ ಚೈನ್ ಎಳೆಯುವ ಒಳಗಿನ ಹಲ್ಲುಚಕ್ರದ, ಎಂದರೆ ಸ್ಪ್ರಾಕೆಟ್‌ನ, ಹಲ್ಲೂ ಬಾರ್ ಮೂತಿಯ ಚಕ್ರವೂ ಅದೇ ಪಿಚ್‌ನವಾಗಿರಬೇಕು. ಕೊನೆಗೆ ಬಾರ್‌ನ ಬುಡದ ಸೀಳು ನಿಮ್ಮ ಬೋಲ್ಟ್‌ಗೆ ಕೂರುತ್ತದೆಯೇ, ಎಣ್ಣೆ ತೂತು ಮಷಿನ್‌ನ ಎಣ್ಣೆ ಬಾಯಿಗೆ ಎದುರಾಗುತ್ತದೆಯೇ ನೋಡಿ. ಹಳೆ ಬಾರ್ ಕಳಚಿ ಅಂಗಡಿಗೆ ಒಯ್ದು ಪಕ್ಕಪಕ್ಕ ಇಟ್ಟು ನೋಡುವುದು ಎಲ್ಲಕ್ಕಿಂತ ಸುಲಭ.

ಪ್ರಶ್ನೆ: ಮೊದಲು ಬೆಣ್ಣೆಯಂತೆ ಕೊಯ್ಯುತ್ತಿತ್ತು. ಈಗ ಹಿಟ್ಟಿನಂಥ ಪುಡಿ ಬರುತ್ತದೆ, ಹೊಗೆಯೂ ಬರುತ್ತದೆ. ಕೊಯ್ಲು ಬಲಕ್ಕೆ ತಿರುಗಿ ಬೊಡ್ಡೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಹೊಸ ಚೈನ್ ಹಾಕಬೇಕೇ? — ಸಿದ್ದಾಪುರ, ಉತ್ತರ ಕನ್ನಡ

ಉತ್ತರ: ಹರಿತವಿರುವ ಚೈನ್ ಚಕ್ಕೆ ಉಗುಳುತ್ತದೆ, ಮೊಂಡಾದದ್ದು ಹಿಟ್ಟು ಬೀಸುತ್ತದೆ. ಚೈನ್‌ನಲ್ಲಿ ಇನ್ನೂ ಆಯುಸ್ಸಿದೆ, ಅರ ಹಾಕಿ. ಹಲ್ಲಿನ ಮೇಲ್ಭಾಗದ ಉದ್ದ ಮೂರ್ನಾಲ್ಕು ಮಿಲಿಮೀಟರಿಗೆ ಇಳಿದಿದ್ದರೆ ಮಾತ್ರ ಬಿಸಾಡಬೇಕು.

ಗುಂಡು ಅರದ ಗಾತ್ರ ಚೈನ್‌ಗೆ ತಕ್ಕಂತಿರಬೇಕು: 0.325 ಪಿಚ್‌ಗೆ 4.8 ಮಿಲಿಮೀಟರ್, ಸಣ್ಣ ಮಷಿನ್‌ಗಳ ತಗ್ಗು (ಲೋ ಪ್ರೊಫೈಲ್) 3/8 ಚೈನ್‌ಗೆ 4 ಮಿಲಿಮೀಟರ್. ಸಿಕ್ಕ ಅರ ಹಾಕಿದರೆ ಹಲ್ಲಿನ ಕೊಕ್ಕೆಯೇ ಹಾಳಾಗುತ್ತದೆ. ಒಂದು ದಪ್ಪ ತುಂಡಿನ ಮೇಲ್ಮೈಯಲ್ಲಿ ಎರಡು ಇಂಚು ಸೀಳಿ, ಎಂಜಿನ್ ನಿಲ್ಲಿಸಿ ಬಾರ್ ಅದರಲ್ಲಿ ಸಿಕ್ಕಿಸಿ. ಅದೇ ನಿಮ್ಮ ವೈಸ್. ಮುಂದಿನ ಗಾರ್ಡ್ ತಳ್ಳಿ ಚೈನ್ ಬ್ರೇಕ್ ಹಾಕಿ, ಇಲ್ಲದಿದ್ದರೆ ಅರ ಒತ್ತಿದಂತೆಲ್ಲ ಚೈನ್ ಓಡುತ್ತದೆ. ಎಲ್ಲಿ ಶುರು ಮಾಡಿದ್ದು ಎಂದು ಗೊತ್ತಿರಲು ಒಂದು ಹಲ್ಲಿಗೆ ಮಾರ್ಕರ್ ಬಳಿಯಿರಿ.

ಅರವನ್ನು ಬಾರ್‌ಗೆ 30 ಡಿಗ್ರಿ ಓರೆಗೆ ಹಿಡಿಯಿರಿ. ಕೆಲವು ಚೈನ್‌ಗಳ ಹಲ್ಲಿನ ಮೇಲೆ ಕಂಪನಿಯೇ ಈ ಓರೆಯ ಗೆರೆ ಹಾಕಿರುತ್ತದೆ, ಅರ ಅದಕ್ಕೆ ಸಮಾನಾಂತರವಾಗಿ ಹೋದರೆ ಸಾಕು. ಅರದ ಐದನೇ ಒಂದು ಪಾಲು ಹಲ್ಲಿನ ಮೇಲಂಚಿಗಿಂತ ಮೇಲೆ ಕಾಣುತ್ತಿರಬೇಕು. ಒಳಗಿನಿಂದ ಹೊರಗೆ ದೂಡುವಾಗ ಮಾತ್ರ ಒತ್ತಿ, ಹಿಂದಕ್ಕೆ ಬರುವಾಗ ಎತ್ತಿಬಿಡಿ. ಹಲ್ಲಿಗೆ ಮೂರ್ನಾಲ್ಕು ಎಳೆತ ಸಾಕಾಗುತ್ತದೆ, ಎಲ್ಲದಕ್ಕೂ ಅಷ್ಟೇ ಎಳೆತ. ಒಂದು ಬದಿಯ ಹಲ್ಲೆಲ್ಲ ಮುಗಿಸಿ ಆಮೇಲೆ ಇನ್ನೊಂದು ಬದಿಗೆ ಬನ್ನಿ. ತುದಿಯಂಚು ಬೆಳಕಿಗೆ ಹಿಡಿದು ನೋಡಿ: ಬೆಳ್ಳಗೆ ಹೊಳೆಯುವ ಗೆರೆ ಕಂಡರೆ ಅದು ಇನ್ನೂ ಮೊಂಡು. ಹರಿತವಾದ ಅಂಚು ಹೊಳೆಯುವುದಿಲ್ಲ.

ಕೊಯ್ಲು ಬಲಕ್ಕೆ ತಿರುಗುವುದಕ್ಕೆ ಕಾರಣವೂ ಇಲ್ಲೇ ಇದೆ. ಬಲಗೈಯವರು ಒಂದು ಬದಿಯ ಹಲ್ಲಿಗೆ ಗಟ್ಟಿಯಾಗಿ ಅರ ಹಾಕುತ್ತಾರೆ, ಇನ್ನೊಂದು ಬದಿಗೆ ಕೈ ಹಿಡಿತ ಸಿಗದೆ ಮೇಲೆ ಮೇಲೆ ಸವರುತ್ತಾರೆ. ನಾಲ್ಕು ಸಲ ಹೀಗಾದರೆ ಒಂದು ಬದಿ ಹರಿತ, ಇನ್ನೊಂದು ಮೊಂಡು. ಚೈನ್ ಹರಿತವಿರುವ ಕಡೆಗೇ ಎಳೆಯುತ್ತದೆ. ಮೊಂಡು ಬದಿಗೆ ಎರಡು ಎಳೆತ ಹೆಚ್ಚು ಹಾಕಿ, ಹಲ್ಲುಗಳ ಉದ್ದ ಎರಡೂ ಬದಿ ಸಮ ಆಗುವವರೆಗೆ. ಅಷ್ಟಾದರೂ ತಿರುಗುತ್ತಿದ್ದರೆ ಬಾರ್ ಸವೆದಿದೆ. ಚೈನ್ ತೆಗೆದು ಬಾರ್ ಅನ್ನು ಗಾಜಿನ ಮೇಲೋ ನಯವಾದ ಟೈಲ್ಸ್ ಮೇಲೋ ಅಂಚಿನ ಮೇಲೆ ನಿಲ್ಲಿಸಿ. ನೆಟ್ಟಗೆ ನಿಂತರೆ ಸರಿ; ಒಂದು ಕಡೆ ವಾಲಿದರೆ ಆ ಬದಿಯ ಅಂಚು ತಗ್ಗಾಗಿದೆ, ಚಪ್ಪಟೆ ಅರದಿಂದ ಎರಡನ್ನೂ ಸಮ ಮಾಡಬೇಕು. ಹಾಗಾಗದಿರಲು ಪ್ರತಿ ಸಲ ಅರ ಹಾಕಿದಾಗ ಬಾರ್ ಅನ್ನು ಮೇಲೆ ಕೆಳಗೆ ತಿರುಗಿಸಿ ಹಾಕಿ, ಗಾಡಿಯೊಳಗಿನ ಕೊಳೆಯನ್ನು ತೆಳು ತಗಡಿನಿಂದ ಕೆರೆದು ತೆಗೆಯಿರಿ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗುಬಟು ಇರುತ್ತದೆ, ಡೆಪ್ತ್ ಗೇಜ್ ಎನ್ನುತ್ತಾರೆ. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ತೀರ್ಮಾನಿಸುವುದು ಅದೇ. ಹಲ್ಲಿಗಿಂತ 0.65 ಮಿಲಿಮೀಟರ್ ತಗ್ಗಿರಬೇಕು. ಮೂರ್ನಾಲ್ಕು ಸಲ ಅರ ಹಾಕಿದ ಮೇಲೆ ಹಲ್ಲು ಇಳಿದು ಗುಬಟು ಹಾಗೇ ಉಳಿಯುತ್ತದೆ; ಆಗ ಹಲ್ಲು ಹರಿತವಿದ್ದರೂ ಚೈನ್ ಮರದ ಮೇಲೆ ಜಾರುತ್ತದೆ. ಗೇಜ್ ಪಟ್ಟಿ ಇಟ್ಟು, ಮೇಲೆ ಉಳಿದ ತುದಿಯನ್ನಷ್ಟೇ ಚಪ್ಪಟೆ ಅರದಿಂದ ತೆಗೆಯಿರಿ. ಬೇಗ ಕೊಯ್ಯಲಿ ಎಂದು ಅಂದಾಜಿನಲ್ಲಿ ಹೆಚ್ಚು ತಗ್ಗಿಸುವವರಿದ್ದಾರೆ. ಅಂಥ ಚೈನ್ ಮರವನ್ನು ಕಚ್ಚಿ ಜಗ್ಗುತ್ತದೆ, ಹಿಡಿದವರ ಕೈ ತಪ್ಪಿಸುತ್ತದೆ.

ಪ್ರಶ್ನೆ: ಬಾರ್ ಎಣ್ಣೆ ಡಬ್ಬಿ ದುಬಾರಿ. ಬೈಕ್‌ನಿಂದ ತೆಗೆದ ಸುಟ್ಟ ಆಯಿಲ್ ಹಾಕಿದರೆ ಆಗದೇ? ಊರಲ್ಲಿ ಎಲ್ಲರೂ ಹಾಕುತ್ತಾರೆ. — ಸುಳ್ಯ

ಉತ್ತರ: ಹಾಕುತ್ತಾರೆ, ನಿಜ. ಸುಟ್ಟ ಆಯಿಲ್‌ನಲ್ಲಿ ಲೋಹದ ಸಣ್ಣ ಪುಡಿ, ಮಸಿ ಇರುತ್ತದೆ. ಅದು ಎಣ್ಣೆ ಪಂಪನ್ನೂ ಬಾರ್ ಮೂತಿಯ ಬೇರಿಂಗನ್ನೂ ತಿನ್ನುತ್ತದೆ. ಜೊತೆಗೆ ಚೈನ್‌ನಿಂದ ಎಣ್ಣೆ ಸಿಡಿದು ಬೀಳುವುದು ನಿಮ್ಮ ಕೈ, ಮುಖ, ಬಾವಿಕಟ್ಟೆಯ ಮಣ್ಣಿನ ಮೇಲೆ. ಚರ್ಮಕ್ಕೆ ಅದು ಒಳ್ಳೆಯದಲ್ಲ. ಬಾರ್ ಎಣ್ಣೆ ಸಿಗದಿದ್ದರೆ ಹೊಸ ಎಂಜಿನ್ ಆಯಿಲ್, ಕಡಿಮೆ ಬೆಲೆಯದ್ದಾದರೂ ಸರಿ. ಅದಕ್ಕೆ ಅಂಟು ಗುಣ ಕಡಿಮೆ, ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಅಷ್ಟೆ.

ಎಣ್ಣೆ ಹೋಗುತ್ತಿದೆಯೇ ಎಂದು ತಿಳಿಯಲು ಮೂತಿಯನ್ನು ಒಂದು ಬಿಳಿ ರಟ್ಟಿನ ಮೇಲೆ ಒಂದು ಗೇಣು ಎತ್ತರಕ್ಕೆ ಹಿಡಿದು ಎಂಜಿನ್ ಜೋರು ಮಾಡಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಪೆಟ್ರೋಲ್ ಒಂದು ಟ್ಯಾಂಕ್ ಮುಗಿಯುವಷ್ಟರಲ್ಲಿ ಎಣ್ಣೆ ಟ್ಯಾಂಕೂ ಹೆಚ್ಚುಕಡಿಮೆ ಖಾಲಿ ಆಗಿರಬೇಕು. ಅರ್ಧದಷ್ಟು ಉಳಿದಿದ್ದರೆ ತೂತು ಕಟ್ಟಿದೆ.

ಪ್ರಶ್ನೆ: ಕಳೆದ ಬೇಸಗೆಯಲ್ಲಿ ಚೆನ್ನಾಗಿದ್ದ ಮಷಿನ್ ಈ ಸಲ ಎಷ್ಟು ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ. ಆಯಿಲ್ ಎಷ್ಟು ಸೇರಿಸಬೇಕು ಎಂಬುದರಲ್ಲೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. — ಮೂಡಿಗೆರೆ

ಉತ್ತರ: ಟ್ಯಾಂಕಿನಲ್ಲಿ ಪೆಟ್ರೋಲ್ ಇರುವುದೇ ತೊಂದರೆ. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡ ಎಥನಾಲ್ ಬೆರೆತ ಪೆಟ್ರೋಲ್. ಈ ಸಣ್ಣ ಎಂಜಿನ್‌ಗಳಲ್ಲಿ ಹೆಚ್ಚಿನವು ತಯಾರಾಗಿರುವುದು 10 ಶೇಕಡದವರೆಗೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲ ಪೂರ್ತಿ ಟ್ಯಾಂಕಿನಲ್ಲೇ ಉಳಿದರೆ ನೀರು ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಕಾರ್ಬ್ಯುರೇಟರ್‌ನ ತೆಳು ಪೊರೆ, ಡಯಾಫ್ರಾಮ್, ಬಿರುಸಾಗುತ್ತದೆ, ಪೆಟ್ರೋಲ್ ಪೈಪು ಮೆತ್ತಗಾಗಿ ಒಡೆಯುತ್ತದೆ. ಹಳೆಯದನ್ನು ಚೆಲ್ಲಿ, ಟ್ಯಾಂಕಿನೊಳಗಿನ ಫಿಲ್ಟರನ್ನು ತಂತಿ ಕೊಕ್ಕೆಯಿಂದ ಎಳೆದು ನೋಡಿ, ಕಪ್ಪಾಗಿದ್ದರೆ ಬದಲಿಸಿ. ಪ್ಲಗ್ ಒಣಗಿಸಿ, ಅಂತರ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಇಡಿ. ಇಷ್ಟಾಗಿಯೂ ಹೊಡೆಯದಿದ್ದರೆ ಡಯಾಫ್ರಾಮ್ ಕಿಟ್ ಹಾಕಿಸಬೇಕು, ದೊಡ್ಡ ಖರ್ಚಲ್ಲ.

ಆಯಿಲ್ ವಿಷಯ ಎರಡೇ ಮಾತು. ಡಬ್ಬಿಯ ಮೇಲೆ ಜಾಸೋ ಎಫ್‌ಡಿ ಎಂಬ ಗುಣಮಟ್ಟದ ಗುರುತಿರುವ ಒಳ್ಳೆ ಟೂ ಸ್ಟ್ರೋಕ್ ಆಯಿಲ್ ಆದರೆ 50ಕ್ಕೆ 1: ಲೀಟರಿಗೆ 20 ಮಿಲಿಲೀಟರ್. ಸಾಧಾರಣ ಟೂ ಸ್ಟ್ರೋಕ್ ಆಯಿಲ್ ಆದರೆ, ಅಥವಾ ಮಷಿನ್ ಪುಸ್ತಕದಲ್ಲೇ ಹಾಗಿದ್ದರೆ 25ಕ್ಕೆ 1: ಲೀಟರಿಗೆ 40. ಮುಚ್ಚಳದಲ್ಲಿ ಅಂದಾಜು ಮಾಡಬೇಡಿ, ಮೆಡಿಕಲ್ ಅಂಗಡಿಯ 20 ಮಿಲಿಲೀಟರ್ ಸಿರಿಂಜ್ ಒಂದು ಇಟ್ಟುಕೊಳ್ಳಿ. ಬೈಕ್‌ನ ಫೋರ್ ಸ್ಟ್ರೋಕ್ ಆಯಿಲ್ ಇದಕ್ಕೆ ಸಲ್ಲದು, ಅದು ಉರಿದು ಬೂದಿ ಕಟ್ಟುತ್ತದೆ. ಬೆರೆಸಿದ ಪೆಟ್ರೋಲ್ ಎರಡು ವಾರದೊಳಗೆ ಮುಗಿಸುವಷ್ಟೇ ಮಾಡಿ. ಒಂದು ಲೀಟರಿಗಿಂತ ಹೆಚ್ಚು ಮನೆ ಕೆಲಸಕ್ಕೆ ಬೇಡ. ಹಂಗಾಮು ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ ಇಡಿ.

ಪ್ರಶ್ನೆ: ಪೇಟೆ ಅಂಚಿನ ಮನೆ. ಹಿತ್ತಿಲ ಮಾವು, ನುಗ್ಗೆ ಕೊಂಬೆ, ವಾರಕ್ಕೊಮ್ಮೆ ಬಾಯ್ಲರ್ ಒಲೆಗೆ ಸೌದೆ. ಕರೆಂಟಿನ ಚೈನ್‌ಸಾ ಸಾಕೇ? ಬ್ಯಾಟರಿಯದು? — ಮೈಸೂರು

ಉತ್ತರ: ಸಾಕು, ನಿಮಗೆ ಅದೇ ಒಳ್ಳೆಯದು. 1,800–2,000 ವಾಟ್‌ನ, 14 ಅಥವಾ 16 ಇಂಚಿನದು ಎಂಟು ಇಂಚಿನ ಕೊಂಬೆಯನ್ನು ಸಲೀಸಾಗಿ ಕೊಯ್ಯುತ್ತದೆ. ಪೆಟ್ರೋಲ್ ಬೆರೆಸುವ ರಗಳೆ ಇಲ್ಲ, ಬಾರ್‌ಗೆ ಎಣ್ಣೆ ಮಾತ್ರ ಇದಕ್ಕೂ ಬೇಕು. ಕೆಡುವುದು ವಯರ್‌ನಿಂದ. 2,000 ವಾಟ್ ಎಂದರೆ ಸುಮಾರು 9 ಆಂಪಿಯರ್. ಒಂದು ಚದರ ಮಿಲಿಮೀಟರ್‌ನ ತೆಳು ವಯರ್ 50 ಮೀಟರ್ ಎಳೆದರೆ ದಾರಿಯಲ್ಲೇ 17 ವೋಲ್ಟ್‌ನಷ್ಟು ಕಳೆದುಹೋಗುತ್ತದೆ. ಮೊದಲೇ ವೋಲ್ಟೇಜ್ ಕಮ್ಮಿ ಇರುವ ಸಂಜೆ ಹೊತ್ತಲ್ಲಿ ಮೋಟಾರು ಕಾದು ವಾಸನೆ ಬರುತ್ತದೆ. ಎರಡೂವರೆ ಚದರ ಮಿಲಿಮೀಟರ್‌ನ ಮೂರು ಎಳೆ ವಯರ್, 30 ಮೀಟರ್ ಒಳಗೆ, 15 ಆಂಪಿಯರ್ ಪ್ಲಗ್. ವಯರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಡಿ. ಹಸಿ ನೆಲದಲ್ಲಿ ಬೇಡ.

ಬ್ಯಾಟರಿಯದರಲ್ಲಿ ನಾಲ್ಕಾರು ಇಂಚಿನ ಕೈ ಗರಗಸಗಳು ಸವರುವುದಕ್ಕೆ ಚೆನ್ನ, ಸೌದೆಗೆ ಅಲ್ಲ. ಸೌದೆಗಾದರೆ 36 ವೋಲ್ಟ್‌ನದು, 12 ಇಂಚು ಬಾರ್. ಡಬ್ಬದ ಮೇಲಿನ ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ ನೋಡಿ. 36 ವೋಲ್ಟ್, 4 ಆಂಪಿಯರ್ ಅವರ್ ಎಂದರೆ 144 ವಾಟ್ ಅವರ್. ದೊಡ್ಡ ವೋಲ್ಟ್ ಸಂಖ್ಯೆ ಬರೆದು ಈ ಗುಣಲಬ್ಧ ಮುಚ್ಚಿಡುವ ಮಷಿನ್‌ಗಳನ್ನು ದೂರವಿಡಿ.

ಪ್ರಶ್ನೆ: ಯಜಮಾನರು ಊರಲ್ಲಿಲ್ಲದಾಗ ನಾನೇ ಸೌದೆ ತುಂಡು ಮಾಡಿಕೊಳ್ಳಬೇಕು ಅಂತಿದ್ದೇನೆ. ಹೆಂಗಸರು ಹಿಡಿಯಬಹುದಾದ ಮಷಿನ್ ಯಾವುದು? ಹಾರುತ್ತದೆ ಎಂದು ಹೆದರಿಸುತ್ತಾರೆ, ಅದು ಏನು? — ಶಿರಸಿ

ಉತ್ತರ: ಗಂಡಸರು, ಹೆಂಗಸರು ಎನ್ನುವುದಕ್ಕಿಂತ ತೂಕ ನೋಡಿ. 30–32 ಸಿಸಿಗೆ 12 ಅಥವಾ 14 ಇಂಚು ಹಾಕಿದರೆ ಎಣ್ಣೆ, ಪೆಟ್ರೋಲ್ ಸೇರಿ ಐದು ಕಿಲೊ ಆಸುಪಾಸು. 58 ಸಿಸಿಯದು ಏಳು ದಾಟುತ್ತದೆ, ಮೂತಿಯೂ ಭಾರ. ಅರ್ಧ ಗಂಟೆಗೆ ಯಾರ ಸೊಂಟವೂ ಹಿಡಿಯುತ್ತದೆ.

ಹಾರುವುದು ಬಾರ್ ಮೂತಿಯ ಮೇಲಿನ ಕಾಲುಭಾಗದಿಂದ. ಅಲ್ಲಿ ಚೈನ್ ಕೆಳಕ್ಕೆ ತಿರುಗುತ್ತಿರುತ್ತದೆ. ಆ ಜಾಗ ಏನಕ್ಕಾದರೂ ತಾಗಿದರೆ ಹಲ್ಲು ಕೊಯ್ಯುವ ಬದಲು ಕಚ್ಚಿಕೊಂಡು ಇಡೀ ಬಾರನ್ನು ಮೇಲಕ್ಕೆ, ಹಿಂದಕ್ಕೆ ಎಸೆಯುತ್ತದೆ. ಕಣ್ಣು ಮಿಟುಕಿಸುವಷ್ಟು ಸಮಯವೂ ಇರುವುದಿಲ್ಲ. ಅದಕ್ಕೇ ಸೌದೆಯ ರಾಶಿಯ ಮೇಲೆ ನೇರ ಮಷಿನ್ ಇಳಿಸಬಾರದು, ಒಂದೊಂದೇ ಬೊಡ್ಡೆ ಹೊರಗೆಳೆದು ಕೊಯ್ಯಬೇಕು. ಬಲಗೈ ಹಿಂದಿನ ಹಿಡಿಯಲ್ಲಿ, ಎಡಗೈ ಮುಂದಿನ ಹಿಡಿಯಲ್ಲಿ, ಹೆಬ್ಬೆರಳು ಹಿಡಿಯ ಕೆಳಗಿನಿಂದ ಸುತ್ತಿರಲಿ. ಎಡಗೈ ನೆಟ್ಟಗಿದ್ದರೆ ಎಸೆತ ತಡೆಯುತ್ತದೆ, ಎಡ ಮುಂಗೈ ಮುಂದಿನ ಗಾರ್ಡಿಗೆ ಬಡಿದು ಚೈನ್ ಬ್ರೇಕ್ ಬೀಳುತ್ತದೆ. ನೀವು ಬಾರ್‌ನ ನೇರಕ್ಕೆ ನಿಲ್ಲದೆ ಒಂದು ಹೆಜ್ಜೆ ಎಡಕ್ಕೆ ನಿಲ್ಲಿ. ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯಬಾರದು. ಏಣಿಯ ಮೇಲಂತೂ ಬೇಡವೇ ಬೇಡ.

ಸ್ಟಾರ್ಟ್ ಮಾಡುವಾಗ ಮಷಿನ್ ನೆಲದ ಮೇಲೆ, ಚೈನ್ ಬ್ರೇಕ್ ಹಾಕಿ, ಬಲಗಾಲ ತುದಿ ಹಿಂದಿನ ಹಿಡಿಯೊಳಗೆ. ಚೋಕ್ ಮುಚ್ಚಿ ಎಳೆಯಿರಿ. ಒಮ್ಮೆ ಟುಪ್ ಎಂದು ಸದ್ದಾದ ಕೂಡಲೇ ಚೋಕ್ ಅರ್ಧ ಬಿಡಿ, ಮತ್ತೆ ಎಳೆಯಿರಿ. ಆ ಮೊದಲ ಸದ್ದನ್ನು ಗಮನಿಸದೆ ಎಳೆಯುತ್ತಲೇ ಇರುವವರ ಪ್ಲಗ್ ನೆನೆದುಹೋಗುತ್ತದೆ, ಆಮೇಲೆ ಎಷ್ಟು ಎಳೆದರೂ ಅಷ್ಟೆ.

ಬೊಡ್ಡೆ ನೆಲದಲ್ಲಿಡದೆ ಮೊಣಕಾಲೆತ್ತರದ ಕವೆಯಲ್ಲಿಡಿ. ಎರಡೆರಡು ಗೂಟ ಅಡ್ಡಕ್ಕೆ ಸೇರಿಸಿ ಬಿಗಿದ ಎರಡು ಕವೆ, ನಡುವೆ ಎರಡಡಿ ಅಂತರ. ಕವೆಯ ಹೊರಗೆ ಚಾಚಿದ ತುದಿಯನ್ನೇ ಕೊಯ್ಯಿರಿ: ತುಂಡು ತಾನಾಗಿ ಕೆಳಗೆ ಬೀಳುತ್ತದೆ, ಬಾರ್ ಸಿಕ್ಕುವುದಿಲ್ಲ. ದಪ್ಪದ್ದಾದರೆ ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ, ಆಮೇಲೆ ಮೇಲಿನಿಂದ. ಎರಡೂ ತುದಿಗೆ ಆಸರೆ ಇದ್ದು ನಡು ತೂಗುತ್ತಿದ್ದರೆ ಇದರ ಉಲ್ಟಾ: ಮೊದಲು ಮೇಲಿನಿಂದ ಮೂರನೇ ಒಂದು ಭಾಗ, ಆಮೇಲೆ ಕೆಳಗಿನಿಂದ. ಹಂಡೆ ಒಲೆಗೆ ಒಂದೂವರೆ ಅಡಿ ತುಂಡು ಬೇಕಾದರೆ ಬೊಡ್ಡೆಯ ಮೇಲೆ ಮೊದಲೇ ಸುಣ್ಣದ ಗೆರೆ ಹಾಕಿಕೊಳ್ಳಿ, ಪ್ರತಿ ತುಂಡಿಗೂ ನಿಂತು ಅಳೆಯುವುದು ತಪ್ಪುತ್ತದೆ.

ಸೆರಗು, ವೇಲ್ ಬೇಡ. ಗಂಡಸರಿಗೂ ಅದೇ ಮಾತು, ಲುಂಗಿ ಉಟ್ಟು ಕೊಯ್ಯುವವರನ್ನು ನೋಡಿದರೆ ಗಾಬರಿಯಾಗುತ್ತದೆ. ದಪ್ಪ ಪ್ಯಾಂಟ್, ಬೂಟು, ಕನ್ನಡಕ, ಕಿವಿಗೆ ಮುಚ್ಚಿಗೆ ಇರಲಿ. ಚೈನ್‌ಸಾ ಪ್ಯಾಂಟ್ ಅಥವಾ ಕಾಲುಗವಚ ಎಂದೇ ಸಿಗುತ್ತದೆ. ಅದರೊಳಗಿನ ನೂಲೆಳೆಗಳು ಚೈನ್‌ಗೆ ಸಿಕ್ಕು ಸ್ಪ್ರಾಕೆಟ್ ಸುತ್ತಿಕೊಂಡು ನಿಲ್ಲಿಸಿಬಿಡುತ್ತವೆ. ಮಷಿನ್ ಜೊತೆಗೇ ಕೊಳ್ಳಿ. ಒಬ್ಬರೇ ಇರುವಾಗ ಕೊಯ್ಯಬೇಡಿ, ಕೂಗಿದರೆ ಕೇಳುವಷ್ಟು ಹತ್ತಿರ ಯಾರಾದರೂ ಇರಲಿ.

ಪ್ರಶ್ನೆ: ತೆಂಗಿನ ಬೊಡ್ಡೆ, ಒಣಗಿದ ಅಡಿಕೆ ಮರ ಕೊಯ್ದರೆ ಚೈನ್ ಬೇಗ ಮೊಂಡಾಗುತ್ತದೆ. ಯಾಕೆ? — ತಿಪಟೂರು

ಉತ್ತರ: ಇವೆರಡರಲ್ಲೂ ಗಟ್ಟಿ ಭಾಗ ಹೊರಗೆ, ನಡು ಬೆಂಡು. ಹೊರಗಿನ ನಾರು ಹಲ್ಲನ್ನು ತಿನ್ನುತ್ತದೆ, ಒಳಗಿನ ಉದ್ದ ನಾರು ಸ್ಪ್ರಾಕೆಟ್ ಮುಚ್ಚಳದೊಳಗೆ ಒತ್ತಿಕೊಂಡು ಎಣ್ಣೆ ದಾರಿ ಕಟ್ಟುತ್ತದೆ. ಹತ್ತು ತುಂಡಿಗೊಮ್ಮೆ ಎಂಜಿನ್ ನಿಲ್ಲಿಸಿ ಮುಚ್ಚಳ ತೆಗೆದು ನಾರು ಕೀಳಿ. ಬುಡದ ಮಣ್ಣು ಹಿಡಿದ ಎರಡಡಿಯನ್ನು ಕತ್ತಿಯಿಂದ ಕೆರೆದೇ ಕೊಯ್ಯಿರಿ. ಹೊಸ ಚೈನ್ ಇದಕ್ಕೆ ಬೇಡ, ಸವೆದ ಹಳೆಯದೊಂದನ್ನು ಮೀಸಲಿಡಿ. ಅಡಿಕೆ ಮರಕ್ಕಾದರೆ ಕೊಡಲಿಯಿಂದ ಸೀಳುವುದೇ ಬೇಗ ಆಗುತ್ತದೆ.

ಪ್ರಶ್ನೆ: ಸ್ವಂತ ಜಾಗದ ಮರ ಕೊಯ್ಯಲೂ ಅರಣ್ಯ ಇಲಾಖೆಯ ಅನುಮತಿ ಬೇಕೇ? — ಸೋಮವಾರಪೇಟೆ

ಉತ್ತರ: ಬೀಳಿಸುವುದಾದರೆ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗಕ್ಕೂ ಅನ್ವಯ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ರಬ್ಬರ್, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಉಳಿದವಕ್ಕೆ ವಲಯ ಅರಣ್ಯ ಕಚೇರಿಯಲ್ಲಿ ಅರ್ಜಿ ಕೊಟ್ಟೇ ಮುಂದುವರಿಯಿರಿ. ಬೀಟೆ, ತೇಗ, ಶ್ರೀಗಂಧದ ತಂಟೆಗೆ ಹೋಗಲೇಬೇಡಿ.

ಪ್ರಶ್ನೆ: ಪಕ್ಕದ ಎಸ್ಟೇಟಿನವರು ಹಳೆಯ 45 ಸಿಸಿ ಮಷಿನ್ ಕೊಡುತ್ತೇನೆ ಎನ್ನುತ್ತಾರೆ. ಏನೇನು ನೋಡಿ ಕೊಳ್ಳಬೇಕು? — ಬಾಳೆಹೊನ್ನೂರು

ಉತ್ತರ: ಮೊದಲು ಅದನ್ನು ತಣ್ಣಗಿರುವಾಗ ನೋಡಬೇಕು. ನೀವು ಹೋಗುವಷ್ಟರಲ್ಲಿ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ, ಬಿಸಿ ಎಂಜಿನ್ ತನ್ನ ರೋಗ ಮುಚ್ಚಿಡುತ್ತದೆ. ಸ್ಟಾರ್ಟರ್ ಹಿಡಿ ಹಿಡಿದು ಮಷಿನ್ ಎತ್ತಿ: ತನ್ನ ತೂಕಕ್ಕೆ ಅದು ಸರ್ರನೆ ಇಳಿದರೆ ಕಂಪ್ರೆಷನ್ ಹೋಗಿದೆ, ತಡೆತಡೆದು ಇಳಿದರೆ ಅಡ್ಡಿಯಿಲ್ಲ. ಸೈಲೆನ್ಸರ್ ಕಳಚಿದರೆ ಪಿಸ್ಟನ್‌ನ ಪಕ್ಕ ಕಾಣುತ್ತದೆ; ಮೇಲಿನಿಂದ ಕೆಳಕ್ಕೆ ಗೀರು ಬಿದ್ದಿದ್ದರೆ ಆಯಿಲ್ ಇಲ್ಲದೆ ಓಡಿಸಿದ್ದಾರೆ, ಬಿಟ್ಟುಬಿಡಿ. ಸ್ಪ್ರಾಕೆಟ್ ಹಲ್ಲಿನಲ್ಲಿ ಚೈನ್ ತಿಂದ ಗುಳಿ ಅರ್ಧ ಮಿಲಿಮೀಟರ್ ದಾಟಿದ್ದರೆ ಸ್ಪ್ರಾಕೆಟ್, ಬಾರ್, ಚೈನ್ ಮೂರರ ಬೆಲೆ ಕಳೆದು ಮಾತಾಡಿ. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಬಿಟ್ಟಾಗ ಚೈನ್ ನಿಲ್ಲಬೇಕು. ನಿಲ್ಲದೆ ತೆವಳುತ್ತಿದ್ದರೆ ಐಡ್ಲಿಂಗ್ ಹೆಚ್ಚಿರಬಹುದು, ತಿರುಪು ಸಡಿಲಿಸಿ ನೋಡಿ. ಆಗಲೂ ತೆವಳಿದರೆ ಕ್ಲಚ್ ಸ್ಪ್ರಿಂಗ್ ಹೋಗಿದೆ. ಜೋರು ಮಾಡಿ ಚೈನ್ ಬ್ರೇಕ್ ತಳ್ಳಿದರೆ ಚೈನ್ ತಟ್ಟನೆ ನಿಲ್ಲಬೇಕು. ಆ ಗಾರ್ಡ್ ಒಡೆದಿರುವ, ಬ್ರೇಕ್ ಬಿಚ್ಚಿ ಎಸೆದಿರುವ ಮಷಿನ್‌ಗಳು ಎಸ್ಟೇಟುಗಳಲ್ಲಿ ಬೇಕಾದಷ್ಟಿವೆ. ಬಿಡಿಭಾಗ ತರಿಸಿ ಹಾಕಿ ಕೊಟ್ಟರೆ ಮಾತ್ರ ದುಡ್ಡು ಕೊಡಿ.